ಉಸಿರು ಜೋರಾದಾಗ ಕಂಡ ಅಜ್ಜಿ

ಈ ತಿಂಗಳು ಬಂದ ಕಾಗದಗಳಲ್ಲಿ ಮೂರು ಉಸಿರಿನ ಬಗ್ಗೆಯೇ ಇವೆ. ಮಹಾಲಯ ಅಮಾವಾಸ್ಯೆ ಹತ್ತಿರ ಬಂತಲ್ಲ, ಹಿರಿಯರ ನೆನಪು ಎಲ್ಲರಿಗೂ ಜಾಸ್ತಿ. ಅತ್ತೆ–ಸೊಸೆ, ಮಕ್ಕಳ ಮೊಬೈಲು ಎಲ್ಲ ಮುಂದಿನ ಸಲಕ್ಕಿರಲಿ.

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಗೆಳತಿಯ ಜೊತೆ ಎರಡು ದಿನದ ಬ್ರೆತ್‌ವರ್ಕ್ ಶಿಬಿರಕ್ಕೆ ಹೋಗಿದ್ದೆ. ಚಾಪೆಯ ಮೇಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಡೋಲಿನ ಸಂಗೀತ ಹಾಕಿ, ಬಾಯಿಂದ ಜೋರಾಗಿ ಉಸಿರಾಡಿ ಎಂದರು. ‘ನಿಮ್ಮ ಪೂರ್ವಜರು ಬರುತ್ತಾರೆ, ತಡೆಯಬೇಡಿ’ ಎಂದು ಮೊದಲೇ ಹೇಳಿದ್ದರು. ಅರ್ಧ ಗಂಟೆಗೆ ಕೈಬೆರಳು ಮಡಚಿಕೊಂಡು ಬಿಚ್ಚಲೇ ಆಗಲಿಲ್ಲ. ಆಮೇಲೆ ಸೊಂಟದವರೆಗೆ ನೀರಿನಲ್ಲಿ ನಿಂತ ಒಬ್ಬ ಮುದುಕಿ ಕಂಡಳು. ನಾನು ಜೋರಾಗಿ ಅತ್ತುಬಿಟ್ಟೆ. ಅಮ್ಮನ ತವರು ಮನೆ ಶರಾವತಿಯಲ್ಲಿ ಮುಳುಗಿದ್ದು ನಿಜ. ‘ಅಜ್ಜಿಯ ಟ್ರಾಮಾ ನಿಮ್ಮ ಡಿಎನ್‌ಎಯಲ್ಲಿದೆ, ಇನ್ನು ಮೂರು ಸೆಷನ್ ಮಾಡಿದರೆ ಬಿಡುಗಡೆ’ ಎಂದಿದ್ದಾರೆ. ಅಮ್ಮನಿಗೆ ಹೇಳಿದರೆ ‘ಹುಚ್ಚು’ ಎಂದು ಎದ್ದು ಹೋದಳು. ಅವಳು ಊರಿನ ಬಗ್ಗೆ ಮಾತಾಡುವುದೇ ಇಲ್ಲ. ಹಳೇ ಕಾಗದ ತುಂಬಿದ ಒಂದು ಟ್ರಂಕನ್ನು ಮಾತ್ರ ಯಾರಿಗೂ ಮುಟ್ಟಲು ಬಿಡುವುದಿಲ್ಲ. ನಾನು ಕಂಡದ್ದು ನಿಜವೇ?

ಉತ್ತರ: ನೋಡಿ ತಂಗಿ, ಮೊದಲು ಬೆರಳಿನ ವಿಷಯ ಮುಗಿಸೋಣ. ಅದಕ್ಕೂ ನಿಮ್ಮ ಅಜ್ಜಿಗೂ ಸಂಬಂಧ ಇಲ್ಲ.

ನಾನು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ 27 ವರ್ಷ ಸಮಾಜ ಕಾರ್ಯಕರ್ತೆಯಾಗಿದ್ದವಳು. ರಾತ್ರಿ ಹೊತ್ತು ಜೀಪಿನಲ್ಲಿ ಹುಡುಗಿಯರನ್ನು ಹೊತ್ತುಕೊಂಡು ಬರುತ್ತಿದ್ದರು. ಹೊಸದಾಗಿ ಮದುವೆಯಾದವರು, ಪರೀಕ್ಷೆಗೆ ಕೂತವರು. ‘ಗಾಳಿ ಸೋಕಿದೆ’ ಎನ್ನುವುದು ಮನೆಯವರ ಮಾತು. ಏದುಸಿರು, ತುಟಿಯ ಸುತ್ತ ಜುಮುಜುಮು, ಬೆರಳು ಕೋಳಿಕಾಲಿನ ಹಾಗೆ ಒಳಕ್ಕೆ ಮಡಚಿರುತ್ತಿತ್ತು. ನಿಧಾನಕ್ಕೆ ಮಾತಾಡಿಸಿ ಉಸಿರು ಇಳಿಸಿದರೆ ಕಾಲು ಗಂಟೆಯಲ್ಲಿ ಬೆರಳು ತಾನೇ ಬಿಚ್ಚುತ್ತಿತ್ತು. ನೀವು ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೂ ಅದನ್ನೇ.

ಆಗುವುದು ಇಷ್ಟು. ಸುಮ್ನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೇವೆ. ಅದನ್ನು ಬೇಕೆಂದೇ ಜೋರು ಮಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಅದು ಬರೀ ಕಸ ಎಂದುಕೊಂಡಿರುತ್ತೇವೆ, ಆದರೆ ರಕ್ತದ ಹುಳಿ ಕಾಯುವುದೇ ಅದು. ಅದು ಕಡಿಮೆಯಾದರೆ ರಕ್ತ ಕ್ಷಾರದ ಕಡೆ ವಾಲುತ್ತದೆ, ಕೆಲಸಕ್ಕೆ ಬರುವ ಕ್ಯಾಲ್ಸಿಯಂ ಇಳಿಯುತ್ತದೆ, ನರಗಳು ಸಿಡಿಮಿಡಿ ಎನ್ನುತ್ತವೆ. ಬೆರಳು ಮಡಚುವುದು ಹೀಗೆ. ಮಿದುಳಿನ ರಕ್ತನಾಳಗಳೂ ಕಿರಿದಾಗುತ್ತವೆ, ಮಿದುಳಿಗೆ ರಕ್ತ ಕಡಿಮೆ ಹೋಗುತ್ತದೆ. ಅದರ ಮೇಲೆ ಕಣ್ಣಿಗೆ ಬಟ್ಟೆ, ಕಿವಿಗೆ ಡೋಲು, ‘ಪೂರ್ವಜರು ಬರುತ್ತಾರೆ’ ಎಂಬ ಮಾತು. ಯಾರೂ ಬರದಿದ್ದರೇ ಆಶ್ಚರ್ಯ.

ಇದೇನು ಋಷಿಗಳ ಕಾಲದ್ದಲ್ಲ. 1931ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಸ್ಟಾನಿಸ್ಲಾವ್ ಗ್ರೋಫ್ ಎಂಬ ಮನೋವೈದ್ಯರು ಎಲ್‌ಎಸ್‌ಡಿ ಎಂಬ ಭ್ರಮೆ ತರಿಸುವ ಮದ್ದು ಕೊಟ್ಟು ರೋಗಿಗಳ ಮನಸ್ಸು ತೆರೆಯುವ ಪ್ರಯೋಗ ಮಾಡುತ್ತಿದ್ದರು. 1967ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಎಲ್‌ಎಸ್‌ಡಿಗೆ ನಿಷೇಧ ಬಂತು. ಆಮೇಲೆ ಕ್ಯಾಲಿಫೋರ್ನಿಯಾದ ಎಸಲೆನ್ ಎಂಬಲ್ಲಿ, ಹೆಂಡತಿ ಕ್ರಿಸ್ಟಿನಾ ಜೊತೆ ಸೇರಿ, ಮದ್ದಿಲ್ಲದೆ ಬರೀ ಉಸಿರು ಮತ್ತು ಸಂಗೀತದಿಂದ ಅಂಥದೇ ಸ್ಥಿತಿ ತರುವ ದಾರಿ ಹುಡುಕಿದರು. ಹೊಲೊಟ್ರೋಪಿಕ್ ಬ್ರೆತ್‌ವರ್ಕ್ ಎಂದು ಹೆಸರಿಟ್ಟರು. ಮಲಗಿದಾಗ ಜನರಿಗೆ ತಮ್ಮ ಹುಟ್ಟು, ವಂಶದ ಹಿರಿಯರು ಎಲ್ಲ ಕಾಣುತ್ತಾರೆ ಎಂದು ಬರೆದವರೂ ಗ್ರೋಫ್ ಅವರೇ. ಅವರ ಪದ್ಧತಿಯಲ್ಲಿ ಒಬ್ಬರು ಉಸಿರಾಡಿದರೆ ಪಕ್ಕದಲ್ಲಿ ಒಬ್ಬರು ಕಾವಲು ಕೂರಬೇಕು, ಶುರು ಮಾಡುವ ಮೊದಲು ಕಾಯಿಲೆ ಕಸಾಲೆ ವಿಚಾರಿಸಬೇಕು. ನಿಮ್ಮ ಶಿಬಿರದಲ್ಲಿ ಬಿಪಿ ಇದೆಯಾ, ಫಿಟ್ಸ್ ಇದೆಯಾ ಎಂದು ಕೇಳಿದ್ದರೋ? ಕಾಗದದಲ್ಲಿ ಆ ಮಾತೇ ಇಲ್ಲ.

ನನಗೂ ಒಮ್ಮೆ ಆಗಿದೆ. ತೊಂಬತ್ತರ ದಶಕದಲ್ಲಿ ಹೊರದೇಶದವರೊಬ್ಬರು ಬಂದು ನಮಗೆಲ್ಲ ಇದನ್ನು ಮಾಡಿಸಿದರು. ನನಗೆ ಚಿಕ್ಕಂದಿನಿಂದ ಉಬ್ಬಸ. ಹೇಳಿದೆ. ‘ಅದೂ ಹೋಗುತ್ತದೆ’ ಎಂದರು. ಇಪ್ಪತ್ತು ನಿಮಿಷಕ್ಕೆ ತೀರಿಕೊಂಡ ಅಪ್ಪನ ಕೊಡೆ ಕಂಡಿತು. ಅಪ್ಪ ಕಾಣಲಿಲ್ಲ, ಬರೀ ಕೊಡೆ, ಹಿಡಿಕೆ ಒಡೆದದ್ದು. ಅಳು ಬಂತು. ಅದರ ಹಿಂದೆಯೇ ಉಬ್ಬಸವೂ ಬಂತು, ಗೋಡೆ ಹಿಡಿದುಕೊಂಡು ಹೊರಗೆ ಹೋದೆ. ಅಲ್ಲಿ ಕಾಫಿ ಮಾಡುತ್ತಿದ್ದ ಹುಡುಗ ನನ್ನನ್ನು ಕೂರಿಸಿ, ಬ್ಯಾಗಿನಿಂದ ಇನ್‌ಹೇಲರ್ ಹುಡುಕಿ ಕೊಟ್ಟ. ಒಳಗಿನವರು ಯಾರೂ ಬರಲಿಲ್ಲ. ಅತ್ತದ್ದು ಒಳ್ಳೇದೇ ಆಯ್ತು, ಸುಳ್ಳು ಹೇಳುವುದಿಲ್ಲ. ಅಪ್ಪನ ಕೊಡೆಗೆ ನಾನು ಅತ್ತೇ ಇರಲಿಲ್ಲ.

ಹಾಗಾಗಿ ನಿಮ್ಮ ಅಳು ನಿಜ ಎಂದು ಒಪ್ಪುತ್ತೇನೆ. ಮುದುಕಿಯ ಬಗ್ಗೆ ಮಾತ್ರ ಸ್ವಲ್ಪ ತಡೆಯಿರಿ.

ಡಿಎನ್‌ಎ ಮಾತಿಗೆ ಬರೋಣ. ಅದಕ್ಕೆ ಎಳೆಯಷ್ಟು ಆಧಾರ ಇದೆ, ಹಗ್ಗದಷ್ಟು ಮಾರುತ್ತಿದ್ದಾರೆ. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಭಾರೀ ಕ್ಷಾಮ ಬಂತು. ಆಗ ಬಸುರಿಯರ ಹೊಟ್ಟೆಯಲ್ಲಿದ್ದ ಮಕ್ಕಳನ್ನು 60 ವರ್ಷದ ಮೇಲೆ ಪರೀಕ್ಷಿಸಿದಾಗ, ಒಂದು ಜೀನಿನ ಮೇಲಿನ ರಾಸಾಯನಿಕ ಗುರುತು ಬೇರೆಯಾಗಿತ್ತು. ಆದರೆ ಆ ಮಕ್ಕಳು ಹೊಟ್ಟೆಯಲ್ಲಿದ್ದುಕೊಂಡೇ ಹಸಿವು ಕಂಡವರು, ಕೇಳಿ ತಿಳಿದವರಲ್ಲ. ಹಿಟ್ಲರನ ಕಾಲದ ನರಮೇಧದಲ್ಲಿ ಬದುಕಿ ಉಳಿದ ಯಹೂದಿಗಳು ಮತ್ತು ಅವರ ಮಕ್ಕಳ ಮೇಲೆ ನ್ಯೂಯಾರ್ಕ್‌ನ ರೇಚಲ್ ಯಹೂದಾ ಅವರ ತಂಡ ಅಂಥದೇ ಗುರುತು ಹುಡುಕಿ ಮಾಡಿದ ಅಧ್ಯಯನ ಇನ್ನೂ ಹೆಸರುವಾಸಿ. ಅದರಲ್ಲಿದ್ದವರು 32 ಹಿರಿಯರು, 22 ಮಕ್ಕಳು. ಅಷ್ಟೇ. ಈ ಸಂಶೋಧಕರಲ್ಲಿ ಯಾರೂ ಅಜ್ಜಿ ಕಂಡ ದೃಶ್ಯ ಮೊಮ್ಮಗಳ ಕಣ್ಣಿಗೆ ಇಳಿದು ಬರುತ್ತದೆ ಎಂದು ಹೇಳಿಲ್ಲ. ಮೂರು ಸೆಷನ್‌ಗೆ ಬಿಡುಗಡೆ ಎಂದಂತೂ ಇಲ್ಲ.

ಈಗ ನೀರಿನ ಮಾತು. ನಾನು ಸಾಗರದ ಕಡೆಯವಳು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದ 1964ರಲ್ಲಿ ನನಗೆ ಏಳು ವರ್ಷ. ನಮ್ಮ ಮನೆ ಮುಳುಗಲಿಲ್ಲ, ರಸ್ತೆ ಬದಿಯಲ್ಲಿತ್ತು. ಹಾಗಾಗಿ ಎಲ್ಲ ನಮ್ಮ ಎದುರಿಗೇ ಹೋಯಿತು. ಲಾರಿಗಳು. ಲಾರಿಯಲ್ಲಿ ಹಂಚು, ಪಕಾಸಿ, ಒನಕೆ, ಒರಳು, ಕಟ್ಟಿದ ಕೋಳಿ, ಮೇಲೆ ಜನ. ನೀರು ಬರುವ ಮೊದಲೇ ಮನೆ ಬಿಚ್ಚಿಕೊಂಡು ಹೋದವರು ಬಹಳ. ಬಾಗಿಲು ಒಯ್ಯಲು ಜಾಗ ಇಲ್ಲದವರು ಮಾರಿದರು. ನಮ್ಮ ಅಪ್ಪ ಒಂದು ಹಲಸಿನ ಬಾಗಿಲು, ದಾರಂದದ ಸಮೇತ, ಕೊಟ್ಟಿಗೆಗೆ ಎಂದು ತಂದರು. ದಾರಂದದ ಮೇಲೆ ತೋರಣದ ಮೊಳೆ ಹಾಗೇ ಇತ್ತು. ಮೊಳೆಯಲ್ಲಿ ಒಣಗಿದ ಮಾವಿನೆಲೆಯ ತೊಟ್ಟು ಸಿಕ್ಕಿಕೊಂಡಿತ್ತು. ಕೆಳಗೆ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ, ಅರ್ಧ ಉದುರಿದ್ದು. ಅಮ್ಮ ಆ ಬಾಗಿಲನ್ನು ಕೊಟ್ಟಿಗೆಗೆ ಹಾಕಲು ಬಿಡಲೇ ಇಲ್ಲ. ‘ಹಬ್ಬ ಮಾಡಿದ ಬಾಗಿಲು’ ಎಂದು ಅಟ್ಟದಲ್ಲಿ ಇಡಿಸಿದಳು. ಯಾರಾದರೂ ಕೇಳಿಕೊಂಡು ಬರುತ್ತಾರೆ ಎಂದು ಅವಳ ನಂಬಿಕೆ. ಯಾರೂ ಬರಲಿಲ್ಲ.

ಹೀಗಾಗಿ ಸೊಂಟದವರೆಗಿನ ನೀರಲ್ಲಿ ನಿಂತ ಮುದುಕಿ ಎಂದಾಗ ನನಗೆ ಸ್ವಲ್ಪ ಸಿನಿಮಾ ಅನ್ನಿಸಿತು. ತಪ್ಪು ತಿಳಿಯಬೇಡಿ. ನಿಮ್ಮ ಅಜ್ಜಿ ಆಗ ಮುದುಕಿಯೂ ಅಲ್ಲ, ಲೆಕ್ಕ ಹಾಕಿ ನೋಡಿ. ಇಪ್ಪತ್ತೈದರ ಆಸುಪಾಸಿನ ಹೆಂಗಸು. ನಿಮ್ಮ ಅಮ್ಮ ಬಹುಶಃ ಅವಳ ತೊಡೆಯ ಮೇಲಿದ್ದ ಕೂಸು. ಅವಳ ಕಷ್ಟ ನೀರಿಗಿಂತ ಜಾಸ್ತಿ ಆಮೇಲಿನದ್ದು. ಗುರುತಿಲ್ಲದ ಕಾಡಿನಲ್ಲಿ ಇಳಿಸಿದ್ದು, ಗುಡಿಸಲು ಹಾಕಿದ್ದು, ಗೇಣಿ ಮಾಡುತ್ತಿದ್ದವರಿಗೆ ಪರಿಹಾರ ಸರಿಯಾಗಿ ಕೈಗೆ ಬಾರದೆ ಹೋದದ್ದು, ಕಚೇರಿಯಿಂದ ಕಚೇರಿಗೆ ಅಲೆದದ್ದು. ಮುಳುಗಡೆಯವರ ಎಷ್ಟೋ ಮನೆಗಳಲ್ಲಿ ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಟ ಇದೆ. ಅವರು ಬಿಟ್ಟುಕೊಟ್ಟ ನೀರಿನ ಕರೆಂಟು ಊರೆಲ್ಲ ಬೆಳಗಿತು, ಅವರ ಗುಡಿಸಲಿಗೆ ಬರಲು ವರ್ಷಗಟ್ಟಲೆ ಹಿಡಿಯಿತು.

ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುದುಕಿ ಅಲ್ಲ, ಟ್ರಂಕು. ಕಾಗದ ಕಳೆದರೆ ಮನೆ ಹೋಯಿತು ಎಂದು ನಿಮ್ಮ ಅಜ್ಜಿ ಕಲಿತಿರಬೇಕು. ಮಗಳಿಗೆ ಅದನ್ನು ಬಾಯಲ್ಲಿ ಹೇಳಿಕೊಟ್ಟಿರಲಿಕ್ಕಿಲ್ಲ, ಟ್ರಂಕಿನ ಬೀಗ ತೋರಿಸಿಯೇ ಕಲಿಸಿರಬೇಕು. ಮಗಳು ನಿಮ್ಮಿಂದ ಅದನ್ನು ಕಾಯುತ್ತಿದ್ದಾಳೆ. ಅಜ್ಜಿಯ ನೋವು ಮೊಮ್ಮಗಳ ತನಕ ಬಂದ ದಾರಿ ಕೇಳುತ್ತೀರಲ್ಲ, ನನಗೆ ಗೊತ್ತಿರುವ ಮಟ್ಟಿಗೆ ಅದು ಈ ಥರ ಬರುತ್ತದೆ. ಹೊಳೆಗೆ ಇಳಿಯಬೇಡ ಎನ್ನುವುದರಲ್ಲಿ, ಅನ್ನ ಬಿಟ್ಟರೆ ಸಿಟ್ಟಾಗುವುದರಲ್ಲಿ, ಊರಿನ ಹೆಸರು ಬಂದರೆ ಎದ್ದು ಹೋಗುವುದರಲ್ಲಿ.

ಇನ್ನು ಮೂರು ಸೆಷನ್‌ಗೆ ಇಟ್ಟ ದುಡ್ಡು ಉಳಿಸಿ. ಅದರಲ್ಲಿ ಅಮ್ಮನನ್ನು ಕರೆದುಕೊಂಡು ಸಾಗರಕ್ಕೆ ಹೋಗಿ. ಅಮ್ಮನಿಗೆ ಅಣ್ಣಂದಿರು, ಅಕ್ಕಂದಿರು ಇದ್ದಾರಾ? ಆಗ ಎಂಟು ವರ್ಷದವರಾಗಿದ್ದ ಸೋದರಮಾವನಿಗೆ ಎಲ್ಲ ನೆನಪಿರುತ್ತದೆ, ನನಗೇ ಇದೆಯಲ್ಲ. ಬೇಸಿಗೆಯಲ್ಲಾದರೆ ಇನ್ನೂ ಒಳ್ಳೆಯದು. ಹಿನ್ನೀರು ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೇಳುತ್ತದೆ. ಅದನ್ನು ಕಟ್ಟಿದಾಗ ಒಮ್ಮೆ ಜನ ಮನೆ ಬಿಟ್ಟು ಹೋಗಿದ್ದರು, ಆಮೇಲೆ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ಅಲ್ಲಿ ನಿಂತಾಗ ಅಮ್ಮ ಏನಾದರೂ ಹೇಳಬಹುದು, ಹೇಳದೆಯೂ ಇರಬಹುದು. ನೀವಾಗಿ ಕೆದಕಬೇಡಿ. ‘ಅಜ್ಜಿ ಅಡುಗೆಗೆ ಯಾವ ಹೊಳೆಯ ಮೀನು ತರುತ್ತಿದ್ದಳು’ ಎಂಬಂಥ ಸಣ್ಣ ಮಾತು ಕೇಳಿ. ನೋವಿನ ಬಗ್ಗೆ ಕೇಳಿದರೆ ನಮ್ಮ ಕಡೆಯ ಹೆಂಗಸರು ಒಲೆಯ ಹತ್ತಿರ ಹೋಗಿಬಿಡುತ್ತಾರೆ. ಮೀನಿನ ಬಗ್ಗೆ ಕೇಳಿದರೆ ಕೂರುತ್ತಾರೆ.

ಉಸಿರು ಬೇಡವೇ ಬೇಡ ಎಂದಲ್ಲ. ನಿಧಾನದ ಉಸಿರು ಮಾಡಿ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಮೂಗಿನಿಂದ, ದಿನಕ್ಕೆ ಐದು ನಿಮಿಷ. ಇದು ನಿಮಿಷಕ್ಕೆ ಆರು ಉಸಿರಾಗುತ್ತದೆ. 2001ರಲ್ಲಿ ಇಟಲಿಯ ಸಂಶೋಧಕರು ಒಂದು ಚೆಂದದ ವಿಷಯ ಕಂಡರು. ಲ್ಯಾಟಿನ್‌ನಲ್ಲಿ ಜಪಸರ ಹೇಳುವವರ ಉಸಿರೂ, ‘ಓಂ ಮಣಿ ಪದ್ಮೇ ಹುಂ’ ಎನ್ನುವವರ ಉಸಿರೂ ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಬರುತ್ತಿತ್ತು. ಎದೆಬಡಿತಕ್ಕೆ ಅದು ಹಿತ. ಸಂಜೆ ದೀಪ ಹಚ್ಚಿ ನಮ್ಮ ಅಜ್ಜಿಯಂದಿರು ಎಳೆದು ಹೇಳುತ್ತಿದ್ದ ಹಾಡುಗಳ ಉಸಿರನ್ನು ಯಾರೂ ಅಳೆದಿಲ್ಲ, ಅಳೆದರೆ ಅದೂ ಅಷ್ಟೇ ಇರಬಹುದು ಎಂದು ನನ್ನ ಊಹೆ.

ಶಿಬಿರ ಮುಗಿದ ಮೇಲೆ ನಿದ್ದೆ ಕೆಟ್ಟಿದ್ದರೆ, ಆ ಮುದುಕಿ ಹಗಲಲ್ಲೂ ಕಾಣುತ್ತಿದ್ದರೆ, ಕಾಯಬೇಡಿ. ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ.

ಪ್ರಶ್ನೆ: 58 ವರ್ಷ, ದಾವಣಗೆರೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಹೋದ ವರ್ಷ ಗ್ಲಾಕೋಮಾಕ್ಕೆ ಕಣ್ಣಿನ ಆಪರೇಷನ್ ಆಗಿದೆ. ವಿಡಿಯೋ ನೋಡಿಕೊಂಡು ವೇಗದ ಉಸಿರಾಟ, ಭಸ್ತ್ರಿಕಾ ಮಾಡಿ ಪಿತೃದೋಷ ಕಳೆದುಕೊಳ್ಳಬಹುದೇ?

ಉತ್ತರ: ಬೇಡ ಯಜಮಾನರೇ. ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ, ರೆಟಿನಾ ಕಿತ್ತುಬಂದದ್ದು, ಫಿಟ್ಸ್, ಬಸುರಿ, ಹೊಸ ಆಪರೇಷನ್, ಬೈಪೋಲಾರ್ ಅಥವಾ ಭ್ರಮೆಯ ಕಾಯಿಲೆ ಇದ್ದವರು ಜೋರು ಉಸಿರಿನ ಹತ್ತಿರ ಹೋಗಬಾರದು. ಇದರಲ್ಲಿ ಎರಡು ನಿಮಗೇ ಇವೆ. ಆರೋಗ್ಯವಂತರೂ ಸ್ನಾನದ ತೊಟ್ಟಿಯಲ್ಲಿ, ಕೆರೆಯಲ್ಲಿ, ಗಾಡಿ ಓಡಿಸುವಾಗ ಮಾಡಬಾರದು, ತಲೆ ತಿರುಗಿ ಬೀಳುತ್ತಾರೆ.

ಹಠಯೋಗ ಪ್ರದೀಪಿಕೆಯನ್ನು ಬರೆದ ಸ್ವಾತ್ಮಾರಾಮರು ಇದನ್ನು ನನಗಿಂತ ಕಟುವಾಗಿ ಹೇಳಿದ್ದಾರೆ. ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲಗೆ ಪಳಗಿಸುವ ಹಾಗೆ ಉಸಿರನ್ನೂ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು. ವಿಡಿಯೋದವರು ಈ ಶ್ಲೋಕ ಹೇಳಿದ್ದನ್ನು ನಾನು ಕೇಳಿಲ್ಲ. ಪಿತೃದೋಷ ನನ್ನ ವಿಷಯ ಅಲ್ಲ. ಆದರೆ ಆ ಹೆಸರು ಹೇಳಿ ಹೆದರಿಸಿದವರು ಯಾರು ಎಂದು ಬರೆದರೆ ಒಳ್ಳೆಯದಿತ್ತು. ಹೆದರಿಕೆಗೂ ಬಿಪಿ ಏರುತ್ತದೆ.

ಪ್ರಶ್ನೆ: ಪುತ್ತೂರಿನ ಕಡೆಯವನು, ಬ್ಯಾಂಕಿನಲ್ಲಿ ಕೆಲಸ. 2021ರ ಮೇ ತಿಂಗಳಲ್ಲಿ ಕೊರೊನಾದಿಂದ ಅಪ್ಪ ಹೋದರು. ಮುಖ ನೋಡಲು ಆಗಲಿಲ್ಲ. ಕೊನೆಯ ಸಲ ನರ್ಸ್ ಫೋನ್ ಹಿಡಿದಾಗ ಆಕ್ಸಿಜನ್ ಮಾಸ್ಕಿನಲ್ಲಿ ಅವರ ಉಸಿರು ಮಾತ್ರ ಕೇಳಿಸಿತು. ಅಂದಿನಿಂದ ತಿಥಿಗೆ ಕೂತಾಗ ಪುರೋಹಿತರು ಮೂಗು ಹಿಡಿದು ಉಸಿರು ಕಟ್ಟಲು ‘ಪ್ರಾಣಾನಾಯಮ್ಯ’ ಎಂದ ಕೂಡಲೇ ನನಗೆ ಎದೆ ಬಿಗಿಯುತ್ತದೆ, ಎದ್ದು ಓಡುವ ಹಾಗಾಗುತ್ತದೆ. ಬ್ರೆತ್‌ವರ್ಕ್ ಮಾಡಿದರೆ ಅಪ್ಪನ ಜೊತೆ ಬಾಕಿ ಉಳಿದದ್ದು ಮುಗಿಯುತ್ತದೆ ಎಂದು ಸಹೋದ್ಯೋಗಿ ಹೇಳುತ್ತಾರೆ. ಮಹಾಲಯಕ್ಕೆ ತರ್ಪಣ ಬಿಡಲು ಕೂರಬೇಕು, ಇನ್ನು ಮೂರು ವಾರ.

ಉತ್ತರ: ತಮ್ಮಾ, ನಿಮ್ಮ ಕಾಗದ ಎರಡು ದಿನ ಮೇಜಿನ ಮೇಲೇ ಇತ್ತು. ಒಮ್ಮೆಗೆ ಉತ್ತರ ಬರೆಯಲಾಗಲಿಲ್ಲ.

ಬ್ರೆತ್‌ವರ್ಕ್ ನಿಮಗೆ ಬೇಡ. ಉಸಿರೇ ಗಾಯವಾಗಿರುವವರಿಗೆ ಉಸಿರಿನ ಮೇಲೆ ಗಮನ ಇಡಿ ಎನ್ನುವುದು ಸುಟ್ಟ ಕೈಯನ್ನು ಒಲೆಗೆ ಹಿಡಿದ ಹಾಗೆ. ನಿಮಗೆ ಮೂಗು ಹಿಡಿದ ಕೂಡಲೇ ಆ ಮಾಸ್ಕಿನ ಶಬ್ದ ಬರುತ್ತದೆ. ಮೈ ಅದನ್ನು ಹಳೆಯದು ಎಂದು ತಿಳಿಯುವುದಿಲ್ಲ, ಈಗಲೇ ಆಗುತ್ತಿದೆ ಎಂದುಕೊಂಡು ಓಡಲು ಹೇಳುತ್ತದೆ. ಇದು ದುರ್ಬಲತೆ ಅಲ್ಲ, ಅಪ್ಪನ ಮೇಲಿನ ಭಕ್ತಿ ಕಡಿಮೆಯಾದದ್ದೂ ಅಲ್ಲ.

ನನ್ನ ಉಬ್ಬಸದ ಕಾಲದಲ್ಲಿ ಅಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದಳು. ರಾತ್ರಿ ಉಸಿರು ಸಿಗದೆ ಎದ್ದು ಕೂತರೆ, ಬೆನ್ನು ಸವರುತ್ತ, ‘ಉಸಿರು ನೋಡ್ಬೇಡ, ಮಾಡಿನ ಹಂಚು ಎಣಿಸು’ ಎನ್ನುತ್ತಿದ್ದಳು. ಚಿಮಣಿ ಬೆಳಕಿಗೆ ಹಂಚಿನ ಸಾಲು ಅರ್ಧ ಕಾಣುತ್ತಿತ್ತು. ಹನ್ನೊಂದನೇ ಸಾಲಿನಲ್ಲಿ ಒಂದು ಗಾಜಿನ ಹಂಚು. ಅಲ್ಲಿ ಮುಟ್ಟುವ ಹೊತ್ತಿಗೆ ಎದೆ ಸ್ವಲ್ಪ ಸಡಿಲ ಆಗಿರುತ್ತಿತ್ತು. ಮುಂದೆ ಆಸ್ಪತ್ರೆಯಲ್ಲಿ ನಾನು ಎಷ್ಟೋ ಜನರಿಗೆ ಇದನ್ನೇ ಮಾಡಿಸಿದೆ. ಹೆಸರು ಬೇರೆ ಇತ್ತು, ಇಂಗ್ಲಿಷಿನದು.

ನೀವೂ ಹಾಗೇ ಮಾಡಿ. ಈ ಮೂರು ವಾರ, ಎದೆ ಬಿಗಿದಾಗ ಕಣ್ಣು ಮುಚ್ಚಬೇಡಿ. ಎರಡೂ ಪಾದ ನೆಲಕ್ಕೆ ಒತ್ತಿ. ಕೋಣೆಯಲ್ಲಿ ಕಾಣುವ ಐದು ವಸ್ತುವಿನ ಹೆಸರು ಮನಸ್ಸಲ್ಲೇ ಹೇಳಿ. ತರ್ಪಣದ ದಿನ ಪುರೋಹಿತರಿಗೆ ಮೊದಲೇ ಒಂದು ಮಾತು ಹೇಳಿಡಿ, ಪ್ರಾಣಾಯಾಮದ ಹೊತ್ತಿಗೆ ಉಸಿರು ಕಟ್ಟದೆ ಸುಮ್ನೆ ಮೂಗು ಮುಟ್ಟುತ್ತೇನೆ ಎಂದು. ನನಗೆ ಗೊತ್ತಿರುವ ಭಟ್ಟರೊಬ್ಬರು ಉಬ್ಬಸದವರಿಗೆ ಹಾಗೇ ಮಾಡಿಸುತ್ತಾರೆ, ತಕರಾರಿಲ್ಲ. ಕೈಯಲ್ಲಿ ದರ್ಭೆ, ಎಳ್ಳು, ನೀರು ಇರುತ್ತದಲ್ಲ. ನಿಮ್ಮ ಗಮನ ಅಲ್ಲಿಡಿ. ಎಳ್ಳು ಬೆರಳಿಗೆ ಅಂಟುವುದು, ಹೆಬ್ಬೆರಳಿನ ಬದಿಯಿಂದ ನೀರು ಜಾರುವುದು, ನೀರಿನ ತಣ್ಣಗೆ. ಅಪ್ಪನ ಹೆಸರು ಹೇಳುವಾಗ ದನಿ ನಡುಗಿದರೆ ನಡುಗಲಿ.

ಅಪ್ಪನ ಜೊತೆ ಬಾಕಿ ಉಳಿದ ಮಾತಿಗೆ ಒಬ್ಬ ಮನುಷ್ಯ ಬೇಕು, ಕೂತು ಕೇಳುವವರು. 2022ರಿಂದ ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರಾತ್ರಿ ಎರಡು ಗಂಟೆಗೂ ಮಾಡಬಹುದು, ನಿಮ್ಮಂಥವರಿಗೆ ಕಷ್ಟ ಬರುವುದು ಆ ಹೊತ್ತಿಗೇ. ಬ್ಯಾಂಕಿಗೆ ರಜೆ ಹಾಕಿ ಮಂಗಳೂರಿಗೆ ಹೋಗಿ ತಜ್ಞರನ್ನು ನೋಡಿದರೆ ಇನ್ನೂ ಮೇಲು. ಈ ಥರದ ಕಷ್ಟಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕಾಗದದ ಕೊನೆಗೆ, ಅಪ್ಪ ಮೊದಲು ಕಳಿಸಿದ್ದ ವಾಯ್ಸ್ ಮೆಸೇಜ್‌ಗಳು ಫೋನಿನಲ್ಲಿವೆ, ತೆರೆಯಲು ಧೈರ್ಯ ಇಲ್ಲ ಎಂದು ಬರೆದಿದ್ದೀರಿ. ಈಗಲೇ ತೆರೆಯಬೇಡಿ. ಆದರೆ ಅವನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ, ಫೋನು ಹಾಳಾದರೆ ಕಷ್ಟ. ಮುಂದೊಂದು ದಿನ ಹೆಂಡತಿಯೋ ತಂಗಿಯೋ ಪಕ್ಕದಲ್ಲಿದ್ದಾಗ ಒಂದನ್ನು ಕೇಳಿ. ಯಾವುದರಲ್ಲೋ ‘ಅಡಿಕೆ ರೇಟು ಎಷ್ಟಾಯ್ತು ಕೇಳು’ ಎಂದಷ್ಟೇ ಇದೆ ಎಂದಿದ್ದೀರಲ್ಲ, ಅದರಿಂದಲೇ ಶುರು ಮಾಡಿ.